ತೂದಾಳ ದವಡೆಹಲ್ಲು

ಶವಾಗಾರದ ಅಂಗಳದಲ್ಲಿ ಇದ್ದದ್ದು ಒಂದೇ ಖರ್ಜೂರದ ಮರ. ಅದರ ನೆರಳು ಸರಿದ ಹಾಗೆ ತಾನೂ ಸರಿಯುತ್ತ, ಇಜ್ಜಾ ಎಂಬ ಹೆಂಗಸು ತನ್ನ ಸೋದರರೊಡನೆ ಹಿಂದಿನ ದಿನದಿಂದ ಅಲ್ಲೇ ಕುಳಿತಿದ್ದಳು. ಅವಳ ಮಗಳು ತೂದಾ ಒಳಗೆ ಕಲ್ಲಿನ ಮೇಜಿನ ಮೇಲೆ ಮಲಗಿದ್ದಳು. ಅಂಗಳದ ಆಚೆ ಬದಿಗೆ, ತಗಡಿನ ಚಪ್ಪರದ ಕೆಳಗೆ, ತೂದಾಳ ಗಂಡನ ತಂದೆ ಹಾಜ್ ಬಾಸ್ಸೂ ತನ್ನ ಕಡೆಯ ಗಂಡಸರೊಡನೆ ಕೂತಿದ್ದ. ಎರಡು ಕಡೆಯವರ ನಡುವೆ ಒಂದು ಕತ್ತೆಗಾಡಿ ಹೋಗುವಷ್ಟು ಜಾಗ. ಅದನ್ನು ಯಾರೂ ದಾಟಿರಲಿಲ್ಲ. ಬೈಗುಳ ಮಾತ್ರ ದಾಟುತ್ತಿತ್ತು.

"ನನ್ನ ಮಗಳನ್ನ ನುಂಗಿದೋರೇ, ನೆರಳು ತಂಪಾಗಿದೆಯಾ? ಚಹಾ ತರಿಸಲಾ?"

"ಬಾಯಿ ಮುಚ್ಚೇ. ನಿನ್ನ ಮಗಳು ತಾನೇ ಕುಡಿದು ಸತ್ತು ನಮ್ಮ ಮನೆ ಬಾಗಿಲಿಗೆ ಮಸಿ ಬಳಿದಳು. ನಾವು ಅಳಬೇಕು, ನೀನಲ್ಲ."

"ಅಳು, ಅಳು. ನಿನ್ನ ಕಣ್ಣಲ್ಲಿ ನೀರು ಬಂದ್ರೆ ಈ ಒಣಗಿದ ನದಿಯಲ್ಲೂ ಬರುತ್ತೆ."

ಕಿಟಕಿಯ ಒಳಗಿನಿಂದ ಇಟ್ಟೋ ಇದನ್ನೆಲ್ಲ ಕೇಳುತ್ತಿದ್ದಳು. ಅವಳು ಡಾಕ್ಟರು. ಆದರೆ ಹೆಣ ಕೊಯ್ದು ಸಾವಿನ ಕಾರಣ ಹುಡುಕುವ ಶಾಸ್ತ್ರವನ್ನು ಇನ್ನೂ ಕಲಿಯುತ್ತಿದ್ದವಳು. ಬೆಟ್ಟದ ಕಡೆಯ ಹುಡುಗಿ. ಈ ವಿದ್ಯೆಯನ್ನು ಆರಿಸಿಕೊಂಡಾಗ ಅವಳ ತಾಯಿ ಎದೆ ಬಡಿದುಕೊಂಡು, "ಬದುಕಿರೋರಿಗೆ ಮದ್ದು ಕೊಡು ಅಂದ್ರೆ ಸತ್ತೋರ ಜೊತೆ ಸಂಸಾರ ಮಾಡ್ತೀನಿ ಅಂತೀಯಲ್ಲೇ, ಇನ್ನು ನಿನ್ನನ್ನ ಯಾವನು ಕಟ್ಕೋತಾನೆ?" ಎಂದಿದ್ದಳು. "ಸತ್ತೋರು ಜಗಳ ಆಡಲ್ಲಮ್ಮ" ಎಂದು ಇಟ್ಟೋ ನಕ್ಕಿದ್ದಳು. ಆ ಮಾತು ನಿಜವಲ್ಲ ಎಂದು ಈಗ ಅವಳಿಗೆ ಗೊತ್ತಾಗಿತ್ತು. ಸತ್ತವರ ಪರವಾಗಿ ಬದುಕಿದವರು ಆಡುವ ಜಗಳಕ್ಕೆ ಕೊನೆಯೇ ಇರಲಿಲ್ಲ.

ತೂದಾ ಸತ್ತದ್ದು ತಾಕೌತಿನಿಂದ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆ ಸೀಮೆಯ ಹೆಂಗಸರು ಕೂದಲಿಗೆ ಮದರಂಗಿಯ ಜೊತೆ ಕಲಸಿ ಹಚ್ಚುವ ಕಪ್ಪು ಪುಡಿ ಅದು. ಮದುವೆಗೆ ಮುಂಚೆ ಅದನ್ನು ತರದ ಮನೆಯಿಲ್ಲ. ಬದುಕು ಬೇಸರವಾದ ಹೆಂಗಸು ಅದನ್ನೇ ನೀರಿನಲ್ಲಿ ಕದಡಿ ಕುಡಿಯುತ್ತಾಳೆ. ಮುಖ ಊದುತ್ತದೆ, ನಾಲಿಗೆ ಬಾಯಿ ತುಂಬುತ್ತದೆ, ಕುತ್ತಿಗೆ ಎತ್ತಿನ ಕುತ್ತಿಗೆಯಂತಾಗುತ್ತದೆ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಕೊನೆಗೆ ಉಸಿರಿಗೆ ದಾರಿಯೇ ಉಳಿಯುವುದಿಲ್ಲ. ಇಂಥ ಮುಖವನ್ನು ಕಂಡರೆ ಊರಿನ ಚಿಕ್ಕ ಮಕ್ಕಳೂ ಹೆಸರು ಹೇಳಿಬಿಡುತ್ತಿದ್ದವು.

ಹಾಗಾಗಿ ಗಂಡನ ಮನೆಯವರು, ಅವಳೇ ಕುಡಿದಳು ಎಂದರು. ಇಜ್ಜಾ, ಅವರೇ ಕುಡಿಸಿದರು ಎಂದಳು. ಸರ್ಕಾರದ ಪರವಾಗಿ ಮೊಕದ್ದಮೆ ಹೂಡುವ ರಾಜನ ವಕೀಲರು ಹೆಣವನ್ನು ಕೊಯ್ದು ನೋಡಿ ಹೇಳಿ ಎಂದು ಅಪ್ಪಣೆ ಕಳಿಸಿದರು. ಊರಿನ ಇಮಾಮರು ಚಪ್ಪರದ ಕೆಳಗೆ ಬಂದು ಕೂತು ತಮ್ಮ ಮಾತನ್ನು ಮೊದಲೇ ಹೇಳಿದ್ದರು. "ದೇವರು ಕೊಟ್ಟ ಜೀವವನ್ನು ತಾನಾಗಿ ಕಳೆದುಕೊಂಡಿದ್ದರೆ ನಾನು ಮುಂದೆ ನಿಂತು ನಮಾಜ್ ಮಾಡಿಸಲ್ಲ. ನಾಳೆ ಇನ್ನೊಬ್ಬಳಿಗೆ ಅದು ದಾರಿಯಾಗಬಾರದು. ಬೇಕಾದವರು ನಾಲ್ಕು ಜನ ಮಾಡಿಕೊಳ್ಳಲಿ." ಹಾಜ್ ಬಾಸ್ಸೂ ಅದಕ್ಕೆ, "ನಮ್ಮ ಹಿರಿಯರ ಸ್ಮಶಾನದ ಗೋಡೆಯೊಳಗೆ ಅವಳಿಗೆ ಜಾಗ ಇಲ್ಲ" ಎಂದು ಸೇರಿಸಿದ್ದ.

ಇಟ್ಟೋಳ ಊರಿನಲ್ಲೂ ಗೋಡೆಯ ಹೊರಗೆ ಒಂದು ಗೋರಿ ಇತ್ತು. ಅದರ ಮೇಲೆ ಕಲ್ಲಿರಲಿಲ್ಲ, ಹೆಸರಿರಲಿಲ್ಲ. ಮೇಕೆ ಕಾಯುವ ಮಕ್ಕಳು ಅದನ್ನು ಸುತ್ತಿ ಬಳಸಿ ಹೋಗುತ್ತಿದ್ದರು. ಅಲ್ಲಿ ಮಲಗಿದ್ದವಳು ಯಾರು, ಏಕೆ ಸತ್ತಳು ಎಂದು ಕೇಳಿದರೆ ದೊಡ್ಡವರು ಗದರಿಸುತ್ತಿದ್ದರು.

ಬೆಳಗಿನ ಹೊತ್ತು ಉಸ್ತಾದ್ ಗೆಸ್ಸೂಸ್ ಬಂದರು. ಉತ್ತರದ ಫೆಸ್ ಎಂಬ ದೊಡ್ಡ ನಗರದವರು, ಈ ಮರಳುಸೀಮೆಗೆ ಶಿಕ್ಷೆಗೆಂಬಂತೆ ವರ್ಗವಾಗಿ ಬಂದವರು. ಆದರೂ ಬಂದ ಮೇಲೆ ವಿದ್ಯೆಯನ್ನು ಪ್ರೀತಿಯಿಂದಲೇ ಹೇಳಿಕೊಡುತ್ತಿದ್ದರು. ಅವರ ಪಾಠ ಯಾವಾಗಲೂ ಒಂದೇ ಪ್ರಶ್ನೆಯಿಂದ ಶುರುವಾಗುತ್ತಿತ್ತು.

"ಸಾವಿಗೆ ಮೂರು ಬಾಗಿಲು. ಮಿದುಳು, ಎದೆ, ಉಸಿರು. ಇವಳಲ್ಲಿ ಯಾವ ಬಾಗಿಲಿಂದ ಬಂತು, ಇಟ್ಟೋ?"

"ಉಸಿರಿನ ಬಾಗಿಲಿಂದ, ಉಸ್ತಾದ್."

"ಮುಗೀತಲ್ಲ. ಗಂಟಲು ನೋಡು, ಹೊಟ್ಟೆ ನೋಡು, ಮೂತ್ರ ತೆಗೆದಿಡು. ಮಧ್ಯಾಹ್ನದ ಊಟಕ್ಕೆ ಮುಂಚೆ ಬರೆದು ಕೊಡು. ಇಂಥವು ಎಷ್ಟು ನೋಡಿಲ್ಲ ನಾವು?"

ಶವಾಗಾರದ ಆಳು ಬಾ ಹಮ್ಮಾದಿ ಚಹಾದ ಲೋಟ ತಂದಿಟ್ಟ. "ಕುಡೀರಿ ಉಸ್ತಾದ್. ಇಲ್ಲಿಗೆ ಬಂದ ಒಬ್ಬ ಗಿರಾಕಿಯೂ ಇದುವರೆಗೆ ನನ್ನ ಚಹಾದ ಬಗ್ಗೆ ದೂರು ಹೇಳಿಲ್ಲ."

ಇಟ್ಟೋ ಕೆಲಸಕ್ಕೆ ನಿಂತಳು. ಪ್ರತಿ ದೇಹವನ್ನು ಮುಟ್ಟುವ ಮುಂಚೆ ಅವಳು ದೇವರ ಹೆಸರು ಹೇಳಿ, ಬಿಳಿ ಬಟ್ಟೆಯ ಕೆಳಗಿನ ಕಾಲನ್ನು ಒಮ್ಮೆ ಮುಟ್ಟಿ, ಮನಸ್ಸಿನಲ್ಲೇ ಕ್ಷಮೆ ಕೇಳುತ್ತಿದ್ದಳು. ತೂದಾಳ ಪಾದದಲ್ಲಿ ಮದರಂಗಿ ಇನ್ನೂ ಕೆಂಪಾಗಿತ್ತು. ಮೈಮೇಲೆ ಹೊಡೆತದ ಗುರುತಿರಲಿಲ್ಲ. ಮಣಿಕಟ್ಟಿನಲ್ಲಿ, ತೋಳಿನಲ್ಲಿ ಯಾರೂ ಹಿಡಿದು ಒತ್ತಿದ ಕಲೆಯಿರಲಿಲ್ಲ. ಬಲವಂತವಾಗಿ ಕುಡಿಸಿದ್ದರೆ ತುಟಿಯ ಒಳಗೆ ಹಲ್ಲು ಒತ್ತಿದ ಗಾಯ ಇರಬೇಕಿತ್ತು. ಅದೂ ಇಲ್ಲ. ಇಜ್ಜಾಳ ಆಪಾದನೆ ನಿಲ್ಲುವುದಿಲ್ಲ ಎಂದು ಇಟ್ಟೋಳಿಗೆ ಮೊದಲು ಅನ್ನಿಸಿತು. ಅನ್ನಿಸಿ ಬೇಸರವೂ ಆಯಿತು.

ಆದರೆ ಹೊಟ್ಟೆಯೊಳಗೆ ಕಂಡದ್ದು ಅವಳನ್ನು ತಡೆದು ನಿಲ್ಲಿಸಿತು. ಲೋಟಗಟ್ಟಲೆ ಕುಡಿದವರ ಹೊಟ್ಟೆಯ ಗೋಡೆ ಮಸಿ ಮೆತ್ತಿದ ಪಾತ್ರೆಯ ಹಾಗೆ ಇರುತ್ತದೆ. ಇಲ್ಲಿ ಬರೀ ತೆಳು ಬಣ್ಣ, ಗುಟುಕು ಗುಟುಕಾಗಿ ಇಳಿದಂತೆ. ಇಷ್ಟು ಕಡಿಮೆಯಲ್ಲೂ ಗಂಟಲು ಮುಚ್ಚಬಹುದು, ನಿಜ. ಆದರೆ ಸಾಯಬೇಕೆಂದು ಹೊರಟವಳು ಇಷ್ಟು ಕಡಿಮೆ ಏಕೆ ಕುಡಿದಳು?

ಕೈ ತೊಳೆದುಕೊಂಡು ಅವಳು ಹೊರಗೆ ಬಂದಳು. ಹೆಣ ತೊಳೆಯಲೆಂದು ಬಂದಿದ್ದ ಹೆಂಗಸರ ನಡುವೆ ತೂದಾಳ ಅತ್ತೆ ಯಾಮ್ನಾ ಗೋಡೆಗೊರಗಿ ಕೂತಿದ್ದಳು.

"ಅಮ್ಮ, ಅವಳು ಕುಡಿದದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

"ನೋಡೋದೇನು ಬಂತು ಮಗಳೇ? ತವರಿಂದ ಬಂದಳು, ಗೋಧಿ ನುಚ್ಚು ಬೇಯಿಸಲಿಕ್ಕೆ ಕೂತಳು. ಸ್ವಲ್ಪ ಹೊತ್ತಿಗೆ ಮುಖ ಮಡಕೆ ಆಯ್ತು. 'ಏನು ಮಾಡ್ಕೊಂಡೆಯೇ ಮುಂಡೇದೇ' ಅಂತ ಕೇಳಿದೆ. ಮಾತು ಹೊರಡಲಿಲ್ಲ. ಬಾಯಿ ತೋರಿಸಿದಳು. ಕುಡಿದೆ ಅಂತ ಒಪ್ಕೊಂಡಳು. ನಾನೊಬ್ಬಳೇ ಅಲ್ಲ, ಮನೆಯವರೆಲ್ಲ ನೋಡಿದ್ದಾರೆ."

"ಹೇಗೆ ತೋರಿಸಿದಳು?"

"ಹೀಗೆ." ಯಾಮ್ನಾ ಬೆರಳೆತ್ತಿ ತನ್ನ ಎಡಗೆನ್ನೆಯನ್ನು, ದವಡೆಯ ಮೂಲೆಯನ್ನು ಎರಡು ಸಲ ಚುಚ್ಚಿ ತೋರಿಸಿದಳು.

ಇಟ್ಟೋ ಆ ಬೆರಳನ್ನೇ ನೋಡಿದಳು. ಕುಡಿದೆ ಎನ್ನುವವರು ತುಟಿ ತೋರಿಸುತ್ತಾರೆ, ಗಂಟಲು ತೋರಿಸುತ್ತಾರೆ. ಕೈಯನ್ನು ಲೋಟದ ಹಾಗೆ ಎತ್ತುತ್ತಾರೆ. ಯಾರಾದರೂ ಎಡಗೆನ್ನೆಯ ಮೂಲೆ ತೋರಿಸುತ್ತಾರೆಯೇ?

ಅವಳು ಮತ್ತೆ ಒಳಗೆ ಹೋದಳು. ತೂದಾಳ ಊದಿದ ದವಡೆ ಗಡುಸಾಗಿ ಕಚ್ಚಿಕೊಂಡಿತ್ತು. ಇಂಥ ಹೆಣಗಳಲ್ಲಿ ಬಾಯನ್ನು ಪೂರ್ತಿ ತೆರೆಯುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಕುತ್ತಿಗೆಯ ಕಡೆಯಿಂದ ಗಂಟಲು ನೋಡಿ ಮುಗಿಸುತ್ತಿದ್ದರು. ಇಟ್ಟೋ ಬಹಳ ಹೊತ್ತು ದವಡೆಯ ಸಂದುಗಳನ್ನು ನೀವಿ ಸಡಿಲಿಸಿ, ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಪಕ್ಕಕ್ಕೆ ಸರಿಸಿ, ದೀಪ ಹಿಡಿಯಲು ಬಾ ಹಮ್ಮಾದಿಯನ್ನು ಕರೆದಳು. ಬಲಗಡೆಯ ಒಸಡು ಬಿಳಿಚಿಕೊಂಡಿತ್ತು. ಎಡಗಡೆಯದು ಇದ್ದಲಿನಂತೆ ಕಪ್ಪು. ಹಿಂದಿನ ದವಡೆಹಲ್ಲೊಂದು ಹುಳುಕಾಗಿ ತೂತು ಬಿದ್ದಿತ್ತು. ಆ ತೂತಿನಲ್ಲಿ ಗಟ್ಟಿಯಾಗಿ ತುರುಕಿದ ಹತ್ತಿಯ ಉಂಡೆಯೊಂದು ಇತ್ತು. ಚಿಮಟದಿಂದ ಎಳೆದಾಗ ಅದು ಕಪ್ಪಾಗಿ ಹೊರಬಂತು.

"ಇದೇನಿದು ಡಾಕ್ಟರಮ್ಮ?" ಎಂದ ಬಾ ಹಮ್ಮಾದಿ.

"ಮದ್ದು" ಎಂದಳು ಇಟ್ಟೋ. "ಹಲ್ಲುನೋವಿಗೆ."

ಅವಳ ಎದೆ ಹಗುರಾಯಿತು. ಸಾಯಲು ಹೊರಟವಳು ಹಲ್ಲಿಗೆ ಮದ್ದು ಇಟ್ಟುಕೊಳ್ಳುವುದಿಲ್ಲ! ಹಾಗಾದರೆ ಗೋಡೆಯ ಒಳಗೆ ಜಾಗ ಸಿಗುತ್ತದೆ, ನಮಾಜ್ ಆಗುತ್ತದೆ. ಅವಳು ಹೆಚ್ಚುಕಡಿಮೆ ಓಡುತ್ತಲೇ ಖರ್ಜೂರದ ಮರದ ಹತ್ತಿರ ಹೋಗಿ ಇಜ್ಜಾಳ ಎದುರು ಕುಕ್ಕರಗಾಲಿನಲ್ಲಿ ಕೂತು, ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ಲಲ್ಲಾ ಎಂದು ಕರೆದಳು.

"ಲಲ್ಲಾ ಇಜ್ಜಾ, ತೂದಾಗೆ ಹಲ್ಲುನೋವು ಇತ್ತಾ?"

ಒಂದು ದಿನ ಪೂರ್ತಿ ಬೈದು ಒರಟಾಗಿದ್ದ ಮುದುಕಿಯ ಮುಖ ಆ ಪ್ರಶ್ನೆಗೆ ಮೆತ್ತಗಾಯಿತು. ಮಗಳ ಬಗ್ಗೆ, ಸಾವಿನ ಬಗ್ಗೆಯಲ್ಲ, ಮಗಳ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

"ಇತ್ತಮ್ಮ. ಚಿಕ್ಕವಳಿಂದ ಹಲ್ಲು ಕೆಟ್ಟದ್ದು ಅವಳದ್ದು. ಖರ್ಜೂರ ಕದ್ದು ತಿಂತಿತ್ತಲ್ಲ ಕಳ್ಳಿ. ಈ ಸಲ ಬಂದಾಗ ರಾತ್ರಿಯೆಲ್ಲ ಮಲಗಲಿಲ್ಲ. ಹೊರಡೋ ದಿನ ನಾನೇ ಮದ್ದು ಇಟ್ಟೆ. ನಮ್ಮಮ್ಮ ನನಗೆ ಇಟ್ಟ ಹಾಗೆ. ಬಾಯಿ ತೆಗಿಯೇ ಅಂದೆ, ಬೆರಳು ಕಚ್ಚಿಬಿಟ್ಟಳು, ಕತ್ತೆ! ನಗ್ತಾ ನಗ್ತಾ ಹೋದಳು ನೋಡು. ಸಾಯೋಳು ಹಾಗೆ ನಗ್ತಾಳಾ? ನೀನೇ ಹೇಳು."

ಇಟ್ಟೋ ಇನ್ನೂ ಹತ್ತಿರ ಸರಿದಳು. "ಯಾವ ಮದ್ದು, ಲಲ್ಲಾ?"

"ತಾಕೌತು. ಹೆಸರು ಒಂದೇ ಆದ್ರೂ ಕುಟ್ಟಿ ಕೂದಲಿಗೆ ಹಾಕೋ ಅಂಗಡಿ ಕಲ್ಲಲ್ಲಮ್ಮ, ಅದು ವಿಷ, ಗೊತ್ತಿಲ್ವಾ ನಂಗೆ? ಮರದ್ದು. ನದಿ ದಂಡೆ ಮರದ ಮೇಲೆ ಗಂಟು ಗಂಟಾಗಿ ಬಿಡುತ್ತಲ್ಲ, ಅದು. ಒಸಡು ಬಿಗಿ ಮಾಡುತ್ತೆ, ಹೊಟ್ಟೆಗೂ ಒಳ್ಳೇದು. ಪುಡೀನ ಹತ್ತೀಲಿ ಅದ್ದಿ ತುರುಕಿದೆ. ಮಿಕ್ಕಿದ್ದನ್ನ ನೀರಲ್ಲಿ ಕದಡಿ ಶೀಸೆಗೆ ಹಾಕಿಕೊಟ್ಟೆ. ದಾರೀಲಿ ಬಾಯಲ್ಲಿ ಇಟ್ಕೋತಾ ಹೋಗು, ಉಗೀಬೇಡ, ರಸ ನುಂಗು ಅಂತ ಹೇಳಿದೆ."

"ಗಂಟನ್ನ ನೀವೇ ಕುಟ್ಟಿದ್ರಾ?"

"ಎಲ್ಲಿಂದ ತರಲಿ? ನದಿ ಬತ್ತಿತು, ಮರ ಒಣಗಿತು. ಗಂಧ, ಗಿಡಮೂಲಿಕೆ ಮಾರೋ ಅಂಗಡಿಯವನ ಹತ್ತಿರ ತಂದೆ. ಮರದ್ದೇನಪ್ಪ ಅಂತ ಮೂರು ಸಲ ಕೇಳಿದೆ. ಮರದ್ದೇ ಅಜ್ಜಿ, ನಿನಗೆ ಕಷ್ಟ ಆಗಬಾರದು ಅಂತ ಕುಟ್ಟಿಟ್ಟಿದೀನಿ ಅಂದ." ಇಜ್ಜಾ ತಲೆವಸ್ತ್ರದ ತುದಿಯ ಗಂಟನ್ನು ಬಿಚ್ಚಿದಳು. ಅದರಲ್ಲಿ ಒಂದಿಷ್ಟು ಪುಡಿ ಉಳಿದಿತ್ತು. "ನನಗೂ ಒಂದು ಹಲ್ಲು ಅಲ್ಲಾಡುತ್ತೆ. ಇಟ್ಕೋಬೇಕು ಅಂತ ಕಟ್ಕೊಂಡಿದ್ದೆ. ಈಗ ಯಾವ ಹಲ್ಲು, ಯಾವ ನೋವು."

"ಒಂದು ಚಿಟಿಕೆ ಕೊಡ್ತೀರಾ?"

"ಎಲ್ಲಾ ತಗೋ ತಾಯಿ. ಅವರು ಮಾಡಿದ್ದನ್ನ ಬಯಲಿಗೆ ಎಳಿ, ಅಷ್ಟು ಸಾಕು ನಂಗೆ."

ಒಳಗೆ ಬಂದು ಇಟ್ಟೋ ಆ ಪುಡಿಯನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ನೀರಿನಲ್ಲಿ ನೆನೆಸಿ, ಗಾಯ ತೊಳೆಯುವ ನೊರೆಮದ್ದನ್ನು ಎರಡು ಹನಿ ಬಿಟ್ಟಳು. ಮರದ ಗಂಟಿನ ಪುಡಿಯಾದರೆ ತುಕ್ಕಿನ ಬಣ್ಣ ಬಿಟ್ಟು ಸುಮ್ಮನಾಗಬೇಕು. ಬಟ್ಟೆ ಮೊದಲು ಕಂದಾಯಿತು, ಆಮೇಲೆ ನೇರಳೆ, ಆಮೇಲೆ ಕಾಗೆಯ ರೆಕ್ಕೆಯಷ್ಟು ಕಪ್ಪು.

ಉಸ್ತಾದ್ ಗೆಸ್ಸೂಸ್ ಬಟ್ಟೆಯನ್ನೂ ಹತ್ತಿಯ ಉಂಡೆಯನ್ನೂ ನೋಡಿದರು. ಕನ್ನಡಕ ತೆಗೆದು ಒರೆಸಿದರು. ತಾವೇ ಒಳಗೆ ಹೋಗಿ ಆ ದವಡೆಯನ್ನು ನೋಡಿಕೊಂಡು ಬಂದರು.

"ಸರಿಯಾಗಿ ಹಿಡಿದೆ" ಎಂದರು. ಆಮೇಲೆ ದನಿ ತಗ್ಗಿಸಿ, "ಈಗ ಇದನ್ನ ಮರೆತುಬಿಡು" ಎಂದರು.

"ಉಸ್ತಾದ್?"

"ಯೋಚನೆ ಮಾಡು ಹುಡುಗಿ. ಇದನ್ನ ಬರೆದರೆ ಆ ಹೆಂಗಸಿಗೆ ಏನಾಗುತ್ತೆ? ಮಗಳ ಗಂಟಲನ್ನ ತಾನೇ ಹಿಸುಕಿದೆ ಅಂತ ಉಳಿದಷ್ಟು ದಿನವೂ ರಾತ್ರಿ ಎದ್ದು ಕೂರಬೇಕು. ಈಗ ಅವಳಿಗೆ ಬೈಯೋಕೆ ಜನ ಇದ್ದಾರೆ. ಬೈತಾ ಬೈತಾ ಬದುಕ್ತಾಳೆ. ಆ ಊರುಗೋಲನ್ನ ಯಾಕೆ ಕಿತ್ಕೋತೀಯ? ಆ ಕಡೆಯವರಿಗೂ ತಾನೇ ಕುಡಿದಳು ಅಂದ್ರೆ ಸಮಾಧಾನ. ಸತ್ತವಳಿಗೆ ಏನು ಬರೆದರೂ ಒಂದೇ."

"ಒಂದೇ ಅಲ್ಲ. ಅವಳನ್ನ ಗೋಡೆಯಾಚೆ ಹೂಳ್ತಾರೆ."

"ಮಣ್ಣು ಎರಡು ಕಡೆಯೂ ಮಣ್ಣೇ."

"ಹಾಗಾದ್ರೆ ಹಾಜ್ ಬಾಸ್ಸೂಗೆ ಹೇಳಿ, ಅವನು ಸತ್ತಾಗ ಆಚೆ ಮಲಗಲಿ."

ಬಾ ಹಮ್ಮಾದಿ ಲೋಟಗಳನ್ನು ಒರೆಸುತ್ತ ಮುಖ ತಿರುಗಿಸಿಕೊಂಡ. ಉಸ್ತಾದರ ಮುಖ ಕೆಂಪಾಯಿತು. "ಇಟ್ಟೋ, ಮುಂದಿನ ತಿಂಗಳು ನೀನು ಪರೀಕ್ಷೆಗೆ ಕೂರೋದು ನನ್ನ ಮುಂದೆ. ನೆನಪಿರಲಿ."

"ಇದನ್ನೇ ಪ್ರಶ್ನೆ ಕೇಳಿ, ಉಸ್ತಾದ್. ಸಾವು ಯಾವ ಬಾಗಿಲಿಂದ ಬಂತು ಅಂತ ನೀವೇ ಕಲಿಸಿದ್ದು. ಬಂದ ಬಾಗಿಲು ಕಂಡ ಮೇಲೆ ಅದಕ್ಕೆ ಗೋಡೆ ಕಟ್ಟು ಅಂತ ಕಲಿಸಲಿಲ್ಲ. ಅವಳು ನಾಲಿಗೆ ಎತ್ತೋಕಾಗದೆ ಬೆರಳಿಟ್ಟು ತೋರಿಸಿದ್ದಾಳೆ. ಹಲ್ಲು, ಹಲ್ಲು ಅಂತ. ಮನೆಯವರೆಲ್ಲ ನೋಡಿದರು, ಒಬ್ಬರೂ ಕೇಳಲಿಲ್ಲ. ನಾನು ಕೇಳಿಸಿಕೊಂಡು ಸುಳ್ಳು ಬರೀಲಾ? ನಾಳೆ ಅವಳೂ ನಾನೂ ಒಬ್ಬನೇ ದೇವರ ಮುಂದೆ ನಿಲ್ಲಬೇಕಲ್ಲ. ಅಲ್ಲಿ ಏನು ಹೇಳಲಿ? ಉಸ್ತಾದರು ಬೇಡ ಅಂದರು ಅನ್ನಲಾ?"

ಉಸ್ತಾದರು ತಣ್ಣಗಾದ ಚಹಾವನ್ನು ಒಂದೇ ಸಲಕ್ಕೆ ಕುಡಿದು, "ತಾಯಿಗೆ ನೀನೇ ಹೇಳಬೇಕು. ಆ ಕೆಲಸಕ್ಕೆ ನಾನು ಬರಲ್ಲ" ಎಂದರು.

"ನಾನೇ ಹೇಳ್ತೀನಿ."

ಹೇಳುತ್ತೇನೆಂದು ಹೊರಟವಳು ಬಾಗಿಲಲ್ಲೇ ನಿಂತಳು. ಉಸ್ತಾದರ ಮಾತಿನಲ್ಲಿ ಕರುಣೆಯೂ ಇತ್ತೆಂದು ಅವಳಿಗೆ ಗೊತ್ತಿತ್ತು. ಆ ಕರುಣೆಯೇ ಅವಳನ್ನು ಹಿಂದಕ್ಕೆ ಎಳೆಯಿತು. ಮಗಳನ್ನು ಮಣ್ಣಿಗೆ ಕೊಡುವುದೇ ತಾಯಿಗೆ ಹೊರಲಾರದ ಭಾರ. ಅದರ ಮೇಲೆ ಇದನ್ನೂ ಹೇರುವುದೆಂದರೆ! ದೇವರೇ, ನನ್ನ ನಾಲಿಗೆಯನ್ನು ಕತ್ತಿಯಾಗಿಸಬೇಡ ಎಂದು ಬೇಡಿಕೊಳ್ಳುತ್ತ, ಕಪ್ಪಾದ ಬಟ್ಟೆಯನ್ನು ಮಡಿಸಿ ಕೈಯಲ್ಲಿ ಹಿಡಿದು, ಅವಳು ಮರದ ನೆರಳಿಗೆ ಬಂದಳು.

"ಲಲ್ಲಾ, ತೂದಾ ತಾನಾಗಿ ಸಾಯಲಿಲ್ಲ. ಅದು ನನಗೆ ಖಂಡಿತ ಗೊತ್ತಾಗಿದೆ."

"ಅಲ್ಹಮ್ದುಲಿಲ್ಲಾಹ್!" ಇಜ್ಜಾ ಎರಡು ಕೈ ಎತ್ತಿದಳು. "ಹೇಳಲಿಲ್ವಾ ನಾನು? ಹೇಳಲಿಲ್ವಾ? ಯಾರು? ಆ ಯಾಮ್ನಾನಾ?"

"ಅವರೂ ಅಲ್ಲ."

ಇಟ್ಟೋ ಬಟ್ಟೆಯನ್ನು ಬಿಚ್ಚಿ ಅವಳ ಮಡಿಲಲ್ಲಿಟ್ಟಳು. "ನೀವು ಕೊಟ್ಟ ಪುಡಿ" ಎಂದಷ್ಟೇ ಅಂದಳು. ಮುಂದಿನ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಅವು ಬೇಕಾಗಲಿಲ್ಲ. ಹೆಣ್ಣುಮಕ್ಕಳ ಎಷ್ಟೋ ಮದುವೆಗಳಿಗೆ ಬಣ್ಣ ಕಲಸಿದ್ದ ಇಜ್ಜಾಳ ಕೈಗಳಿಗೆ ಆ ಕಪ್ಪಿನ ಪರಿಚಯ ಡಾಕ್ಟರಿಗಿಂತ ಹಳೆಯದು. ಇಜ್ಜಾ ಬಟ್ಟೆಯನ್ನು ಬೆರಳಿನಿಂದ ಉಜ್ಜಿದಳು. ಬೆರಳ ತುದಿ ಕಪ್ಪಾಯಿತು.

"ಮರದ್ದು ಹೀಗೆ ಬಿಡಲ್ಲ" ಎಂದಳು ನಿಧಾನವಾಗಿ.

ಇಟ್ಟೋ ತಲೆ ತಗ್ಗಿಸಿದಳು.

"ಹಲ್ಲಿನೊಳಗೆ ಸಿಕ್ತಾ?"

"ಸಿಕ್ತು, ಲಲ್ಲಾ."

"ನುಂಗು ಅಂತ ಹೇಳಿದ್ದೂ ನಾನೇ."

"ನಿಮಗೆ ಗೊತ್ತಿರಲಿಲ್ಲ. ಮರದ್ದೇನಪ್ಪ ಅಂತ ಕೇಳಿ ತಂದಿದ್ದೀರಿ."

ಇಜ್ಜಾ ತನ್ನ ಬಲಗೈಯನ್ನು ಮಡಿಲಲ್ಲಿ ಅಂಗೈ ಮೇಲಾಗಿ ಇಟ್ಟುಕೊಂಡು, ಅದು ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ಕೂತಳು. ಮರದ ನೆರಳು ಅವಳನ್ನು ಬಿಟ್ಟು ಸರಿಯಿತು. ಅವಳು ಸರಿಯಲಿಲ್ಲ. ಚಪ್ಪರದ ಕೆಳಗಿನಿಂದ ಹಾಜ್ ಬಾಸ್ಸೂ, "ಏನಂತೆ ಡಾಕ್ಟರಮ್ಮ ಹೇಳಿದ್ದು? ನಾಲಿಗೆ ಬಿದ್ದುಹೋಯ್ತಾ?" ಎಂದು ಕೂಗಿದ. ಆಗಲೂ ಅವಳು ತಲೆಯೆತ್ತಲಿಲ್ಲ.

ತಾನು ತಪ್ಪು ಮಾಡಿದೆನೇ ಎಂದು ಇಟ್ಟೋಳಿಗೆ ಅಳು ಬಂತು. "ಲಲ್ಲಾ, ಬೇಡ ಅಂದ್ರೆ..." ಎಂದು ಶುರುಮಾಡಿದಳು.

"ಏನು ಬೇಡ ಅಂದ್ರೆ?"

"ಕೈತಪ್ಪಿನಿಂದ ಅಂತ ಮಾತ್ರ ಬರೆದು, ಯಾರ ಕೈ ಅಂತ ಗೊತ್ತಿಲ್ಲ ಅನ್ನಬಹುದು."

ಇಜ್ಜಾ ತಲೆಯೆತ್ತಿದಳು. ಕಣ್ಣು ಒಣಗಿತ್ತು. "ಆಗ ಅವರು ನಂಬ್ತಾರಾ? ಯಾರ ಕೈಯೂ ಅಲ್ಲ ಅಂದ್ರೆ ಅವಳ ಕೈಯೇ ಅಂತಾರೆ. ಏಳು ಮಗಳೇ, ನನ್ನನ್ನ ಹಿಡಿದು ಎಬ್ಬಿಸು. ಕಾಲು ಜೋಮು ಹಿಡಿದಿದೆ."

ಎದ್ದು ನಿಂತವಳು ಇಟ್ಟೋಳ ಕೈ ಬಿಡಿಸಿಕೊಂಡು, ಹಿಂದಿನ ದಿನದಿಂದ ಯಾರೂ ದಾಟದ ಆ ಜಾಗವನ್ನು ದಾಟಿ, ಗಂಡಸರ ಎದುರಿಗೆ ಹೋಗಿ ನಿಂತಳು. ಇಮಾಮರು ಜಪಮಣಿಯನ್ನು ನಿಲ್ಲಿಸಿದರು. ಅವಳ ಸೋದರರು ಜಗಳವೆಂದು ತಿಳಿದು ಹಿಂದೆಯೇ ಬಂದರು. ಅವಳು ಅವರನ್ನು ಕೈಸನ್ನೆಯಿಂದ ತಡೆದಳು.

"ಕೇಳ್ರಪ್ಪ. ಒಂದೇ ಸಲ ಹೇಳ್ತೀನಿ. ನನ್ನ ಮಗಳು ತಾನಾಗಿ ಸಾಯಲಿಲ್ಲ. ನೀವೂ ಕೊಲ್ಲಲಿಲ್ಲ. ನಿಮಗೆ ಬೈದದ್ದನ್ನ ವಾಪಸ್ ತಗೊಂಡೆ. ಕೊಂದದ್ದು ನಾನು. ಈ ಕೈ. ಹಲ್ಲುನೋವಿಗೆ ಮದ್ದು ಅಂತ ಇಟ್ಟೆ, ಅದು ವಿಷ ಆಗಿತ್ತು. ಅವಳು ನಿಮ್ಮ ಮನೇಲಿ ಕೆನ್ನೆ ತೋರಿಸಿದ್ದು ಅದನ್ನೇ."

ಹೆಂಗಸರ ಕಡೆಯಿಂದ ಯಾಮ್ನಾ "ಯಾ ಅಲ್ಲಾಹ್" ಎಂದು ಕೆನ್ನೆಗೆ ಕೈ ಹಿಡಿದುಕೊಂಡಳು. ಹಿಡಿದುಕೊಂಡದ್ದು ಎಡಗೆನ್ನೆ.

ಹಾಜ್ ಬಾಸ್ಸೂ ಎದ್ದ. "ಇದು ನಾಟಕ. ಮಗಳ ಮಾನ ಉಳಿಸೋಕೆ ತಾಯಿ ಕಟ್ಟಿದ ಕಥೆ. ಯಾರು ನಂಬ್ತಾರೆ?"

"ನಂಬಬೇಡ. ಒಳಗೆ ಹೋಗಿ ಬಾಯಿ ತೆಗೆದು ನೋಡು. ಧೈರ್ಯ ಇದೆಯಾ? ಮಾನ ಉಳಿಸೋಕೆ ಯಾವಳಾದ್ರೂ ನಾನೇ ಮಗಳನ್ನ ಕೊಂದೆ ಅಂತ ಊರ ಮುಂದೆ ಹೇಳ್ತಾಳಾ? ನಿನ್ನ ಹೆಂಡತಿ ಹೇಳ್ತಾಳಾ? ನೀನು ಹೇಳ್ತೀಯಾ, ನಿನ್ನ ಮಗನಿಗೋಸ್ಕರ? ರಾಜನ ವಕೀಲರಿಗೂ ಹೇಳಿ ಕಳಿಸಿ. ಬಂದು ಕಟ್ಕೊಂಡು ಹೋಗಲಿ, ನಾನು ಓಡಿ ಹೋಗಲ್ಲ. ಆ ಗಂಧದ ಅಂಗಡಿಯವನ ಬಾಗಿಲಿಗೂ ಅವರನ್ನ ನಾನೇ ಕರ್ಕೊಂಡು ಹೋಗ್ತೀನಿ. ಆದ್ರೆ ಮೊದಲು ನನ್ನ ಮಗಳಿಗೆ ನಮಾಜ್ ಆಗಬೇಕು. ಗೋಡೆಯೊಳಗೆ ಮಣ್ಣಾಗಬೇಕು. ಆಗಲ್ಲ ಅನ್ನೋನು ಇಲ್ಲಿ ನನ್ನ ಮುಖ ನೋಡಿ ಹೇಳಲಿ."

ಇಮಾಮರು ಇಟ್ಟೋಳ ಕಡೆ ನೋಡಿದರು. ಅವಳು ಬಾಯಿ ತೆರೆಯುವ ಮುಂಚೆ ಹಿಂದಿನಿಂದ ಉಸ್ತಾದ್ ಗೆಸ್ಸೂಸರ ದನಿ ಬಂತು. ಯಾವಾಗ ಬಾಗಿಲಿಗೆ ಬಂದು ನಿಂತಿದ್ದರೋ.

"ನಾನೂ ನೋಡಿದೆ. ಹಲ್ಲಿನೊಳಗೆ ಹತ್ತಿ ಇತ್ತು. ಡಾಕ್ಟರ್ ಇಟ್ಟೋ ಹಾಗೇ ಬರೀತಾರೆ. ನಾನು ಸಹಿ ಹಾಕ್ತೀನಿ."

"ಸಾಯಬೇಕು ಅಂದುಕೊಂಡವಳಿಗೆ ಹಲ್ಲುನೋವಿನ ಗೊಡವೆ ಯಾಕೆ" ಎಂದು ಇಮಾಮರು ತಮ್ಮಷ್ಟಕ್ಕೇ ಹೇಳಿಕೊಂಡು, ಮಂಡಿಗೆ ಕೈಯೂರಿ ಎದ್ದರು. "ಬಾಸ್ಸೂ, ಗೋರಿ ತೋಡೋಕೆ ಜನ ಕಳಿಸು. ಮುಂದೆ ನಾನೇ ನಿಲ್ತೀನಿ. ತಾಯೀ, ನೀನು ಹೋಗು. ಅವಳನ್ನ ತೊಳೆಸು."

"ತೊಳೆಸೋದಲ್ಲ" ಎಂದಳು ಇಜ್ಜಾ. "ತೊಳೀತೀನಿ."

ಒಳಗೆ ಹೆಂಗಸರು ನೀರು ಕಾಯಿಸಿ, ಕರ್ಪೂರ ಪುಡಿಮಾಡಿ, ಬಿಳಿ ಬಟ್ಟೆ ಹರಡಿ ಇಟ್ಟಿದ್ದರು. ಇಜ್ಜಾ ತೋಳು ಮಡಿಸಿ ಮುಂದೆ ಬಂದಾಗ ಯಾಮ್ನಾ ಅಡ್ಡ ನಿಂತಳು.

"ಬೇಡ ಇಜ್ಜಾ. ಆ ಕೈಯಿಂದ ಬೇಡ. ನಾವು ಮಾಡ್ತೀವಿ."

"ಈ ಕೈಯಿಂದಲೇ." ಇಜ್ಜಾ ಅವಳನ್ನು ನೂಕಲಿಲ್ಲ, ಬೈಯಲಿಲ್ಲ. "ಹುಟ್ಟಿದ ದಿನ ಮೊದಲು ತೊಳೆದದ್ದೂ ಈ ಕೈಯೇ. ಇದಕ್ಕೆ ಇನ್ನೊಂದು ಕೈ ನಾನು ಎಲ್ಲಿಂದ ತರಲಿ? ದೇವರು ಇದನ್ನ ಕೇಳುವಾಗ ಇದು ಮಾಡಿದ್ದನ್ನೆಲ್ಲ ಕೇಳಲಿ. ಅರ್ಧ ಕೇಳೋದು ಬೇಡ."

ಯಾಮ್ನಾ ಪಕ್ಕಕ್ಕೆ ಸರಿದಳು. ಸರಿದವಳು ಹಾಗೇ ಹೋಗಲಿಲ್ಲ, ಕರ್ಪೂರದ ಬಟ್ಟಲನ್ನು ಎತ್ತಿ ಹಿಡಿದು ನಿಂತಳು. ಇಟ್ಟೋ ನೀರಿನ ಚೊಂಬನ್ನು ತೆಗೆದುಕೊಂಡಳು. ತಾನು ಕೊಯ್ದು ತಾನೇ ಹೊಲಿದ ದೇಹದ ಮೇಲೆ ಅವಳು ಬಲಗಡೆಯಿಂದ ನೀರು ಬಿಟ್ಟಳು. ತಾಯಿ ಬಲ ಕೈಯನ್ನು, ಬಲ ಭುಜವನ್ನು, ಆಮೇಲೆ ಎಡಗಡೆಯನ್ನು ತೊಳೆದಳು. ಹೊಲಿಗೆಯ ಮೇಲೆ ಕೈ ಬಂದಾಗ ಒಂದು ಗಳಿಗೆ ನಿಂತು, "ನೀಟಾಗಿ ಹೊಲಿದಿದ್ದೀಯ ಮಗಳೇ" ಎಂದಳು.

ಬಾಯಿಯನ್ನು ಕೊನೆಗೆ ಇಟ್ಟುಕೊಂಡಿದ್ದಳು. ಶುಭ್ರವಾದ ಬಟ್ಟೆಯ ತುಂಡನ್ನು ತೋರುಬೆರಳಿಗೆ ಸುತ್ತಿ, ನೀರಿನಲ್ಲಿ ಅದ್ದಿ, ಊದಿದ ತುಟಿಯ ಬಳಿ ತಂದಳು.

"ತೆಗಿಯೇ" ಎಂದಳು ತಾಯಿ. "ಈ ಸಲ ಕಚ್ಚಬೇಡ."

ಎಡ ದವಡೆಯ ಮೂಲೆಯವರೆಗೆ ಬೆರಳು ಹೋಗಿ, ಕಪ್ಪನ್ನು ಒರೆಸಿಕೊಂಡು ಬಂತು. ಬಟ್ಟೆ ಬದಲಿಸಿ ಮತ್ತೆ ಹೋಯಿತು. ಮತ್ತೆ ಬಟ್ಟೆ ಬದಲಿಸಿದಳು. ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ಇಜ್ಜಾ ಬಿಡಲಿಲ್ಲ. ಆಮೇಲೆ ಕೈಯನ್ನು ತೊಳೆದು, ಹೆಣವಸ್ತ್ರದ ಗಂಟುಗಳನ್ನು ತಾನೇ ಕಟ್ಟಿ, ತಲೆವಸ್ತ್ರವನ್ನು ಸರಿಮಾಡಿಕೊಂಡು, ಬಾಗಿಲ ಕಡೆ ತಿರುಗಿದಳು.

"ಇನ್ನು ಕರೀರಿ ಆ ಗಂಡಸರನ್ನ" ಎಂದಳು. "ಹಾಜ್ ಬಾಸ್ಸೂಗೆ ಹೇಳಿ, ಇವಳನ್ನ ಹೊರೋಕೆ ಮುಂದಿನ ಹೆಗಲು ಅವನದು."